ನಡುವಿನ ಬೀಜ

"ಬೆಂಕಿ ರೋಗ ಅಂತ ಬರೆದುಬಿಡಿ ಮೇಡಂ. ಎಲ್ಲರಿಗೂ ಒಳ್ಳೇದು."

ಕೃಷಿ ಅಧಿಕಾರಿಗಳು ಈ ಮಾತನ್ನು ಹೇಳಿದ್ದು ಟೀ ಲೋಟದ ಒಳಗೆ ನೋಡಿಕೊಂಡು. ಪರೀಕ್ಷಕಿಯ ಮುಖ ನೋಡಿ ಹೇಳೋಣವೆಂದರೆ ಮುಖವೇ ಸಿಗುತ್ತಿರಲಿಲ್ಲ. ಅವಳು ಸೂಕ್ಷ್ಮದರ್ಶಕದ ಮೇಲೆ ಬಗ್ಗಿದ್ದಳು. ಅವರಿಗೆ ಕಾಣುತ್ತಿದ್ದದ್ದು ಅವಳ ತುರುಬು ಮಾತ್ರ.

"ಎಲ್ಲರಿಗೂ ಅಂದರೆ ಯಾರಿಗೆ ಸಾರ್?"

"ಬೆಂಕಿ ರೋಗ ಗಾಳೀಲಿ ಬರುತ್ತೆ. ಗಾಳಿ ಮೇಲೆ ಯಾರು ಕೇಸು ಹಾಕ್ತಾರೆ? ಬೆಳೆದವರು ಔಷಧಿ ಹೊಡ್ಕೋತಾರೆ. ಗೋದಾಮಲ್ಲಿ ಉಳಿದಿರೋ ಬೀಜ ನಾಳೆ ಬಿತ್ತನೆಗೆ ಹೋಗುತ್ತೆ. ನಿಮ್ಮ ಯಜಮಾನರ ಹೆಸರೂ..." ಅಲ್ಲಿಗೆ ಬಂದಾಗ ಅಧಿಕಾರಿಗಳಿಗೆ ಟೀ ನೆನಪಾಯಿತು.

ಅವರು ನುಂಗಿಕೊಂಡ ಮಾತನ್ನು ಊರೆಲ್ಲ ಬಾಯಿಬಿಟ್ಟು ಆಡುತ್ತಿತ್ತು. ಈ ಭತ್ತದ ಬೀಜವನ್ನು ಪರೀಕ್ಷಿಸಿ 'ರೋಗವಿಲ್ಲ' ಎಂದು ಸಹಿ ಹಾಕಿದವನು ಅವಳ ಗಂಡ. ಸಹಿ ಹಾಕಿದ ವಾರವೇ ಮನೆಯಿಂದ ಹೊರಟವನು ತಿರುಗಿ ಬರಲಿಲ್ಲ. ಹೊಳೆಯ ಸೇತುವೆಯ ಪಕ್ಕ ಅವನ ಸ್ಕೂಟರ್ ಸಿಕ್ಕಿತು, ಅಷ್ಟೆ. ಮೊದಮೊದಲು ಜನ ಹೊಳೆಗೆ ಬಿದ್ದ ಅಂದರು. ಗದ್ದೆಗಳಲ್ಲಿ ಎಲೆಯ ಮೇಲೆ ಚುಕ್ಕೆ ಎದ್ದ ಮೇಲೆ, ಕಣ್ಣು ಮುಚ್ಚಿ ಸಹಿ ಹಾಕಿ ಕಂಬಿ ಕಿತ್ತ ಅಂದರು.

ಅವನು ಹೋದಾಗ ಬೀಜ ಚೀಲದಲ್ಲಿತ್ತು. ಈಗ ಪೈರು ಮೊಣಕಾಲೆತ್ತರ ಬಂದಿದೆ. ಅವಳು ದಿನ ಎಣಿಸುವುದನ್ನು ಎಂದೋ ಬಿಟ್ಟಿದ್ದಳು. ಕೆಲಸಕ್ಕೆ ಬರುವ ದಾರಿಯಲ್ಲಿ ಪಕ್ಕದ ಗದ್ದೆ ನೋಡಿದರೆ ಸಾಕು, ಅವನು ಹೋಗಿ ಎಷ್ಟು ಕಾಲವಾಯಿತೆಂದು ಗೊತ್ತಾಗುತ್ತಿತ್ತು.

"ಬನ್ನಿ ಸಾರ್, ನೀವೇ ನೋಡಿ," ಎಂದು ಸ್ಟೂಲು ಬಿಟ್ಟುಕೊಟ್ಟಳು.

ಅಧಿಕಾರಿಗಳು ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಇಟ್ಟು, ಬಹಳ ಗಂಭೀರವಾಗಿ ನೋಡಿದರು. "ಕಪ್ಪು ಕೂದಲು ಕಾಣ್ತಿದೆ."

"ಅದು ನಿಮ್ಮ ರೆಪ್ಪೆ. ಸ್ವಲ್ಪ ಹಿಂದೆ ಸರೀರಿ."

"ಹಾಂ. ಏನೋ ದೋಣಿ ಥರ ಇದೆ."

"ಅದೇ. ಬಾಗಿದ ದೋಣಿ, ಕಂದು ಬಣ್ಣ, ಮೈಮೇಲೆ ಅಡ್ಡಡ್ಡ ಗೆರೆ. ಬೆಂಕಿ ರೋಗದ ಕಣ ಹೀಗಿರಲ್ಲ. ಅದಕ್ಕೆ ಬಣ್ಣವೇ ಇರಲ್ಲ. ನೀರಿನ ಹನಿ ಥರ ಒಂದು ತುದಿ ಚೂಪು, ಎರಡೇ ಗೆರೆ."

"ಎಲೆ ಮೇಲಿನ ಚುಕ್ಕೆ ನಡುವೆ ಬೂದಿ ಬಣ್ಣ ಇದೆಯಲ್ಲಮ್ಮ. ಬೂದಿ ಇದ್ದರೆ ಬೆಂಕಿ ರೋಗ ಅಂತ ನಾವೂ ಓದಿದ್ದೀವಿ."

"ಚುಕ್ಕೆ ಹಳೇದಾದರೆ ಇದಕ್ಕೂ ಬೂದಿ ಬರುತ್ತೆ. ಆಕಾರ ನೋಡಿ." ಕುತ್ತಿಗೆಯಲ್ಲಿ ದಾರಕ್ಕೆ ಕಟ್ಟಿ ನೇತುಹಾಕಿಕೊಂಡ ಪುಟ್ಟ ಮಸೂರವನ್ನು ಎಲೆಯ ಮೇಲೆ ಹಿಡಿದಳು. ಈ ಮಸೂರದ ದೆಸೆಯಿಂದ ಊರವರು ಅವಳಿಗೆ ಭೂತಗನ್ನಡಿ ಎಂದು ಹೆಸರಿಟ್ಟಿದ್ದರು. ಎದುರಿಗೆ ಮೇಡಂ, ಬೆನ್ನ ಹಿಂದೆ ಭೂತಗನ್ನಡಿ. "ಬೆಂಕಿ ರೋಗದ ಚುಕ್ಕೆ ಎರಡೂ ಕಡೆ ಚೂಪಾಗಿರುತ್ತೆ. ಇದು ಎಳ್ಳುಕಾಳಿನ ಥರ ಇದೆ, ಸುತ್ತ ಹಳದಿ ಅಂಚು. ಇದು ಕಂದು ಚುಕ್ಕೆ ರೋಗ ಸಾರ್. ನನಗೆ ಅನುಮಾನವೇ ಇಲ್ಲ."

ಅಧಿಕಾರಿಗಳು ಲೋಟ ಕೆಳಗಿಟ್ಟರು. ಕೆಟ್ಟ ಮನುಷ್ಯರಲ್ಲ ಅವರು. ಯಾರ ಮನೆಯೂ ಮುರಿಯದೆ ತಮ್ಮ ಕೆಲಸ ಮುಗಿಯಲಿ ಎನ್ನುವ ಜಾತಿ.

"ಕಂದು ಚುಕ್ಕೆ ಬೀಜದ ಜೊತೆಗೇ ಬರುತ್ತೆ ಅಂತ ನಿಮಗೆ ಗೊತ್ತಿಲ್ಲದ್ದಲ್ಲ," ಎಂದರು ಮೆಲ್ಲಗೆ. "ಅದನ್ನ ಬರೆದಿರೋ, ನಿಮ್ಮ ಕೈಯಾರೆ ನಿಮ್ಮ ಯಜಮಾನರ ಮೇಲೆ ಕೇಸು ಹಾಕಿದ ಹಾಗೆ. ಅವರು ಎಲ್ಲೋ ಬದುಕಿದ್ದರೂ ಆಮೇಲೆ ನಿಮ್ಮ ಬಾಗಿಲಿಗೆ ಬರೋ ಹಾಗಿರಲ್ಲ. ಯೋಚನೆ ಮಾಡಿ."

ಯೋಚನೆ ಮಾಡು ಅಂತ ಹೇಳಬೇಕಾಗಿರಲಿಲ್ಲ. ಬೇರೆ ಏನನ್ನಾದರೂ ಯೋಚಿಸಿ ಅವಳಿಗೆ ಕಾಲವೇ ಆಗಿತ್ತು.

"ಬೀಜದಿಂದಲೂ ಬರಬಹುದು, ಪಕ್ಕದ ಗದ್ದೆಯಿಂದಲೂ ಬರಬಹುದು," ಎಂದಳು. "ಎಲೆ ರೋಗದ ಹೆಸರನ್ನ ಮಾತ್ರ ಹೇಳುತ್ತೆ. ಎಲ್ಲಿಂದ ಬಂತು ಅಂತ ಬೀಜವನ್ನೇ ಕೇಳಬೇಕು. ಸಂಜೆವರೆಗೂ ಟೈಮ್ ಕೊಡಿ ಸಾರ್."

"ಕಚೇರಿ ಮುಚ್ಚೋದರೊಳಗೆ," ಎಂದು ಅವರು ಎದ್ದರು. ಲೋಟ ಅಲ್ಲೇ ಬಿಟ್ಟು ಹೊರಟುಹೋದರು.

*

ಆ ಪ್ರಯೋಗಾಲಯದಲ್ಲಿ ಎಲೆ ಅವಳದು, ಬೀಜ ಅವನದು. ಮದುವೆಗೆ ಮುಂಚಿನಿಂದಲೂ ಹಾಗೇ. ಎಲೆಯ ಕೋಣೆಗೆ ಕಿಟಕಿ ಇತ್ತು, ಬೀಜದ ಕೋಣೆಗೆ ಇರಲಿಲ್ಲ. ಅಲ್ಲಿ ಗಾಜಿನ ತಟ್ಟೆಗಳ ಮೇಲೆ ನೀಲಿ ದೀಪ ಉರಿಯುತ್ತಿತ್ತು. ಗೋಡೆಯ ಮೊಳೆಗೆ ಅವನ ಬಿಳಿ ಕೋಟು ಇನ್ನೂ ತೂಗುತ್ತಿತ್ತು. ಅವಳು ದಿನಾ ಒಳಗೆ ಬರುವಾಗ ಅದರ ತೋಳನ್ನು ಮುಟ್ಟಿ ಬರುತ್ತಿದ್ದಳು. ಯಾರಾದರೂ ಇದ್ದರೆ ಧೂಳು ಒರೆಸಿದ ಹಾಗೆ ಮಾಡುತ್ತಿದ್ದಳು.

ಬೀಜ ಪರೀಕ್ಷೆಗೆ ಬಂದಾಗ ಅದರಲ್ಲಿ ಒಂದಿಷ್ಟನ್ನು ಮೊಹರು ಹಾಕಿ ಕಪಾಟಿನಲ್ಲಿಡುವುದು ಅಲ್ಲಿನ ಪದ್ಧತಿ. ನಾಳೆ ಯಾರಾದರೂ ಜಗಳಕ್ಕೆ ಬಂದರೆ ಸಾಕ್ಷಿಗೆ ಬೇಕಲ್ಲ. ಗಂಡ ಸಹಿ ಹಾಕಿದ ಬೀಜದ ಆ ಉಳಿಕೆಯನ್ನು ಕಳೆದ ವಾರ ಅವಳೇ ಮೊಹರು ಒಡೆದು ತೆಗೆದು, ಒದ್ದೆ ಮಾಡಿದ ಹೀರುಕಾಗದದ ಮೇಲೆ ಜೋಡಿಸಿ, ನೀಲಿ ದೀಪದ ಕೆಳಗೆ ಇಟ್ಟಿದ್ದಳು. ಬೀಜದೊಳಗೆ ರೋಗವಿದ್ದರೆ ವಾರದಲ್ಲಿ ಕಪ್ಪು ಬೂಷ್ಟಾಗಿ ಹೊರಗೆ ಬರಲೇಬೇಕು.

ಇವತ್ತು ತೆರೆಯುವ ದಿನ.

ಮೊದಲ ತಟ್ಟೆ ತೆರೆದಳು. ಎಲ್ಲ ಬೀಜಗಳೂ ಬೆಳ್ಳಗೆ ಮೊಳಕೆ ಬಿಟ್ಟಿದ್ದವು. ಬೂಷ್ಟಿನ ಸುಳಿವಿಲ್ಲ. ಇನ್ನೊಂದು. ಅದೂ ಹಾಗೇ. ಸಾಲಿನಲ್ಲಿದ್ದ ಎಲ್ಲವನ್ನೂ ತೆರೆದು, ಮಸೂರ ಹಿಡಿದು, ಒಂದೊಂದು ಬೀಜವನ್ನೂ ಹೊರಳಿಸಿ ನೋಡಿದಳು. ಶುದ್ಧ ಬೀಜ. ಅಪ್ಪಟ ಶುದ್ಧ.

ಅವಳು ಅವನ ಸ್ಟೂಲಿನ ಮೇಲೆ ಕುಸಿದು ಕೂತು ಅತ್ತುಬಿಟ್ಟಳು. ಅವನು ಸುಳ್ಳು ಸಹಿ ಹಾಕಿರಲಿಲ್ಲ. ಅವನು ನೋಡಿದ ಬೀಜದಲ್ಲಿ ರೋಗ ಇರಲೇ ಇಲ್ಲ. ಬಂದದ್ದು ಆಮೇಲೆ, ಗೋದಾಮಿನಲ್ಲೋ ಗದ್ದೆಯಲ್ಲೋ. ಇನ್ನು ಯಾರೂ ಅವನನ್ನು ಕಳ್ಳ ಅನ್ನುವ ಹಾಗಿಲ್ಲ. ಬರಬಹುದು ಅವನು, ಬೇಕಾದರೆ ಹಾಡುಹಗಲಲ್ಲಿ ಬರಬಹುದು.

ಕಣ್ಣೊರೆಸಿಕೊಂಡು ತಟ್ಟೆಗಳನ್ನು ಎತ್ತಿಡುವಾಗ ಹಿಂದೆ, ಗೋಡೆಗೆ ತಾಗಿದಂತೆ, ಇನ್ನೊಂದು ತಟ್ಟೆ ಕಂಡಿತು.

ಅದು ಅವಳು ಇಟ್ಟದ್ದಲ್ಲ.

ತಟ್ಟೆಯ ಅಂಚಿಗೆ ಅಂಟಿಸಿದ್ದು ಗೋದಾಮಿನ ಚೀಲದಿಂದ ಹರಿದ ಅಚ್ಚಿನ ಚೀಟಿ. ಅದೇ ಬೀಜ, ಅದೇ ಸಂಖ್ಯೆ. ಒಳಗಿನ ಬೀಜಗಳ ಮೇಲೆ ಮಖಮಲ್ಲಿನ ಹಾಗೆ ಕಪ್ಪು ಬೂಷ್ಟು ಎದ್ದಿತ್ತು. ಒಂದು ಚೂರನ್ನು ಗಾಜಿಗೆ ಹಚ್ಚಿ ನೋಡಿದಳು. ಬಾಗಿದ ದೋಣಿಗಳು, ಗದ್ದೆಯ ಎಲೆಯಲ್ಲಿ ಇದ್ದವೇ.

ಆದರೆ ಅವಳ ಎದೆ ಹೊಡೆದುಕೊಂಡದ್ದು ಬೂಷ್ಟಿಗಲ್ಲ, ಬೀಜ ಜೋಡಿಸಿದ ರೀತಿಗೆ.

ತಟ್ಟೆಯಲ್ಲಿ ಬೀಜ ಇಡುವುದಕ್ಕೆ ಒಂದು ಕ್ರಮ ಇದೆ. ಹೊರಗೊಂದು ಸುತ್ತು, ಒಳಗೊಂದು ಸುತ್ತು, ನಡುವೆ ಒಂದು ಬೀಜ. ಬಲಗೈಯವರು ಇಟ್ಟರೆ ಬೀಜಗಳೆಲ್ಲ ಒಂದು ಕಡೆಗೆ ವಾಲಿರುತ್ತವೆ. ಎಡಗೈಯವರು ಇಟ್ಟರೆ ಇನ್ನೊಂದು ಕಡೆಗೆ. ಇವು ಎಡಗೈಯ ಬೀಜಗಳು. ಅವಳ ಗಂಡ ಎಡಚ. ಅಷ್ಟೇ ಅಲ್ಲ, ನಡುವಿನ ಬೀಜದ ಮೊಳಕೆ ತುದಿ ನೇರವಾಗಿ ಚೀಟಿಯ ಕಡೆಗೆ ಮುಖಮಾಡಿತ್ತು.

"ಇದನ್ಯಾಕೆ ಹೀಗಿಡ್ತೀರಿ?" ಎಂದು ಅವಳು ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೇಳಿದ್ದಳು.

"ತಟ್ಟೆ ತಿರುಗಿಹೋದರೂ ಎಣಿಕೆ ಎಲ್ಲಿಂದ ಶುರು ಅಂತ ತೋರಿಸೋಕೆ. ಯಾರಿಗೂ ಹೇಳಬೇಡಿ, ನಗ್ತಾರೆ." ಅವಳು ಯಾರಿಗೂ ಹೇಳಿರಲಿಲ್ಲ. ಅವರಿಬ್ಬರ ನಡುವಿನ ಮೊದಲ ಗುಟ್ಟು ಅದು.

ಊಟಕ್ಕೆ ಕೂತರೂ ಆ ಚಟ ಅವನನ್ನು ಬಿಟ್ಟಿರಲಿಲ್ಲ. ಬಾಯಿಗೆ ಮೆಣಸಿನ ಕಾಳು ಸಿಕ್ಕಿದರೆ ಆಗದು. ಆರಿಸಿ ಆರಿಸಿ ತಟ್ಟೆಯ ಅಂಚಿಗೆ ದುಂಡಗೆ ಜೋಡಿಸುತ್ತಿದ್ದ. "ಊಟ ಮಾಡ್ತೀಯೋ, ಪರೀಕ್ಷೆ ಮಾಡ್ತೀಯೋ?" ಅಂತ ಅತ್ತೆ ಬೈಯುವರು. ಮೈದುನ ಅಷ್ಟರಲ್ಲಿ ಕೈ ಹಾಕಿ, "ಕೊಡಣ್ಣ ಇಲ್ಲಿ," ಎಂದು ಆ ಕಾಳುಗಳನ್ನು ಕಟಕಟ ಕಡಿದು ನುಂಗುವನು. ಈಗ ಆ ಮನೆಯಲ್ಲಿ ಊಟದ ಹೊತ್ತಿಗೆ ಯಾರೂ ಮಾತಾಡುವುದಿಲ್ಲ.

ಪ್ರಯೋಗಾಲಯದ ಹಿಂಬಾಗಿಲ ಇನ್ನೊಂದು ಬೀಗದಕೈ ಗಂಡನ ಹತ್ತಿರವೇ ಇತ್ತು. ಅವನು ಬಂದಿದ್ದ. ಒಂದು ವಾರದ ಹಿಂದೆ ಈ ಕೋಣೆಯಲ್ಲಿ ನಿಂತಿದ್ದ. ಕೋಟಿನ ಪಕ್ಕದಲ್ಲಿ, ಈ ದೀಪದ ಕೆಳಗೆ. ಆ ಹೊತ್ತಿಗೆ ತಾನು ಮನೆಯಲ್ಲಿ ಏನು ಮಾಡುತ್ತಿದ್ದೆ? ಬಟ್ಟೆ ಮಡಚುತ್ತಿದ್ದೆನೇನೋ. ಹಾಳಾದ ಬಟ್ಟೆ.

ಅವಳಿಗೆ ಅವನು ಬೇಕಾಗಿತ್ತು. ಅವನು ಸಿಕ್ಕರೆ ಉಳಿದದ್ದನ್ನು ಆಮೇಲೆ ನೋಡಿಕೊಳ್ಳಬಹುದು ಅನ್ನಿಸಿತು. ಎರಡು ತಟ್ಟೆಗಳನ್ನು, ಒಂದು ಶುದ್ಧವಾದದ್ದು, ಒಂದು ಬೂಷ್ಟಿನದು, ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಗೋದಾಮಿನ ಕಡೆ ನಡೆದಳು.

*

ಬೀಜದ ಗೋದಾಮು ನೋಡಿಕೊಳ್ಳುವವನು ಅವಳ ಮೈದುನ. ಅತ್ತೆ, ಅವಳು, ಅವನು, ಮೂವರೂ ಒಂದೇ ಮನೆ. ಅತ್ತೆ ಬೆಳಿಗ್ಗೆ ಅವನ ಊಟದ ಕ್ಯಾರಿಯರ್‌ಗೆ ಇನ್ನೊಂದು ಡಬ್ಬಿ ಸೇರಿಸಿ ಕಟ್ಟುತ್ತಿದ್ದರು. "ಇಷ್ಟೊಂದಾ ಅತ್ತೆ?" ಎಂದಿದ್ದಕ್ಕೆ, "ದುಡಿಯೋ ಹುಡುಗ ಕಣಮ್ಮ, ಈಚೆಗೆ ಹಸಿವು ಜಾಸ್ತಿ," ಎಂದಿದ್ದರು.

ಮೈದುನ ಕಚೇರಿ ಕೋಣೆಯ ಬಾಗಿಲಲ್ಲೇ ಸಿಕ್ಕ. ಕೈಯಲ್ಲಿ ಚೀಲ ಹೊಲಿಯುವ ದಬ್ಬಣ.

"ಏನತ್ತಿಗೆ, ಬಿಸಿಲಲ್ಲಿ ನಡ್ಕೊಂಡೇ ಬಂದ್ರಾ? ಫೋನ್ ಮಾಡಿದ್ರೆ ಗಾಡಿ ತರ್ತಿದ್ದೆ."

"ನಡೀಬೇಕು ಅನ್ನಿಸ್ತು." ಅವಳು ಅಟ್ಟಿ ಹಾಕಿದ ಚೀಲಗಳ ಹತ್ತಿರ ಹೋಗಿ ಬಾಯಿ ಸವರಿದಳು. "ಇವಕ್ಕೆಲ್ಲ ಮೆಷಿನ್ ಹೊಲಿಗೆ ಇರಬೇಕಲ್ವೇನೋ? ಇದು ಕೈಹೊಲಿಗೆ."

"ಇಲಿ ಕಡಿದಿತ್ತು. ಮತ್ತೆ ಹೊಲಿದೆ."

"ಎಲ್ಲ ಚೀಲದಲ್ಲೂ ಬಾಯಿ ಹತ್ತಿರವೇ, ಸಾಲಾಗಿ ಕಡೀತಾ? ಭಲೇ ಶಿಸ್ತಿನ ಇಲಿ ಕಣಪ್ಪ."

ಮುಂಚೆಯಾಗಿದ್ದರೆ ಅವನು ನಗುತ್ತಿದ್ದ. ಅತ್ತಿಗೆ ಮೈದುನ ಒಬ್ಬರ ಕಾಲು ಒಬ್ಬರು ಎಳೆಯುವುದೇ ಆ ಮನೆಯ ಗದ್ದಲವಾಗಿತ್ತು. ಈಗ ದಬ್ಬಣವನ್ನು ಮೇಜಿನ ಮೇಲಿಟ್ಟ. ಅವಳು ಒಳಗೆ ಹೋಗಿ, ಮೇಜಿನ ಮೇಲಿದ್ದ ಊಟದ ಕ್ಯಾರಿಯರ್ ಪಕ್ಕಕ್ಕೆ ಸರಿಸಿ, ಎರಡೂ ತಟ್ಟೆಗಳನ್ನು ಬಿಚ್ಚಿಟ್ಟಳು.

"ಈ ಬೆಳ್ಳಗಿರೋದು ನಿಮ್ಮಣ್ಣ ಪರೀಕ್ಷೆ ಮಾಡಿದ ಬೀಜ. ಈ ಕಪ್ಪಗಿರೋದು ಈಗ ನಿನ್ನ ಚೀಲದಲ್ಲಿರೋದು. ಚೀಲದ ಬಾಯಿ ಬಿಚ್ಚಿದವರು ಯಾರು?"

ಮೈದುನ ತಟ್ಟೆ ನೋಡಿದ. ಆಮೇಲೆ, ಅವಳು ಎಣಿಸಿದ್ದಕ್ಕಿಂತ ಸುಲಭವಾಗಿ ಹೇಳಿಬಿಟ್ಟ.

"ನಾನೇ ಅತ್ತಿಗೆ. ಹಿಂದಿನ ಬೆಳೆಯ ಬೀಜ ಒಂದಷ್ಟು ನೆನೆದು ಉಳಿದಿತ್ತು. ಬಿಸಿಲಿಗೆ ಒಣಗಿಸಿ ಬೆರೆಸಿಬಿಟ್ಟೆ. ಒಣಗಿದರೆ ಸರಿಹೋಗುತ್ತೆ ಅಂದ್ಕೊಂಡೆ."

"ಒಣಗಿದರೆ ಬೂಷ್ಟು ಮಲಗುತ್ತೆ ಕಣೋ, ಸಾಯಲ್ಲ. ಬಿತ್ತಿ ನೀರು ಬಿಟ್ಟ ಕೂಡಲೇ ಎದ್ದು ಕೂತ್ಕೊಳುತ್ತೆ."

"ಈಗ ಗೊತ್ತಾಯ್ತು."

"ಊರವರೆಲ್ಲ ನಿಮ್ಮಣ್ಣನ್ನ ಕಳ್ಳ ಅಂದಾಗ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ಯಲ್ಲ."

ಅವಳಿಗೆ ಸಿಟ್ಟು ಬರಬೇಕಿತ್ತು. ಬಂತು ಕೂಡ, ಆದರೆ ಅದಕ್ಕಿಂತ ದೊಡ್ಡ ಪ್ರಶ್ನೆಯೊಂದು ಅವಳನ್ನು ಕಾಡುತ್ತಿತ್ತು.

"ಅದಿರಲಿ. ಅವರು ಎಲ್ಲಿದ್ದಾರೆ ಹೇಳು."

"ಯಾರು?"

"ನಿಮ್ಮಣ್ಣ."

"ಅತ್ತಿಗೆ." ಅವನ ದನಿ ಮೆತ್ತಗಾಯಿತು. "ಎಷ್ಟು ಸಲ ಹೇಳೋದು ನಿಮಗೆ. ಅಣ್ಣ ಇಲ್ಲ. ಒಪ್ಪಿಕೊಂಡುಬಿಡಿ. ಹೀಗೆ ಕಾಯ್ತಾ ಇದ್ದರೆ ನೀವು ಹುಚ್ಚಿ ಆಗ್ತೀರಿ."

"ಈ ತಟ್ಟೆ ಇಟ್ಟವರು ಅವರು. ಕೈ ನೋಡು. ಎಡಗೈ. ಅವರು ಕಳೆದ ವಾರ ಬಂದಿದ್ದಾರೆ, ನನಗೋಸ್ಕರ ಇಟ್ಟು ಹೋಗಿದ್ದಾರೆ."

ಮೈದುನ ಕಣ್ಣು ಮುಚ್ಚಿದ. "ಅದನ್ನ ಇಟ್ಟವನು ನಾನು."

"ಸುಳ್ಳು."

"ನಾನೂ ಎಡಚನೇ ಅಲ್ವಾ ಅತ್ತಿಗೆ? ಅಣ್ಣ ಮನೆಯಲ್ಲಿ ಬೀಜ ಇಡೋದನ್ನ ಸಾವಿರ ಸಲ ನೋಡಿಲ್ವಾ? ನಿಮ್ಮ ಬ್ಯಾಗಿಂದ ಬೀಗದಕೈ ತೆಗೆದುಕೊಂಡು ಹೋದೆ. ಬೆರೆಸಿದ್ದು ನಾನು ಅಂತ ನಿಮ್ಮ ಮುಖ ನೋಡಿ ಹೇಳೋಕಾಗಲಿಲ್ಲ. ತಟ್ಟೆ ಇಟ್ಟರೆ ನೀವೇ ಕಂಡುಹಿಡೀತೀರಿ ಅಂತ ಇಟ್ಟೆ."

"ಇಟ್ಟು ತೋರಿಸು."

ಅವನು ಒಂದು ಹಿಡಿ ಭತ್ತ ತಂದ. ಖಾಲಿ ಕಾಗದದ ಮೇಲೆ ಎಡಗೈಯಲ್ಲಿ ಒಂದೊಂದಾಗಿ ಜೋಡಿಸಿದ. ಹೊರಸುತ್ತು. ಒಳಸುತ್ತು. ಬೀಜಗಳು ಅದೇ ಕಡೆಗೆ ವಾಲಿದವು, ಅಣ್ಣನ ಕೈಯೇ ಬಂದು ಇಟ್ಟ ಹಾಗೆ.

ಕುರ್ಚಿ ಹಿಡಿದು ಕೂತಳು. ಗಂಡ ಬಂದಿರಲಿಲ್ಲ. ಕೋಟಿನ ಪಕ್ಕ ಯಾರೂ ನಿಂತಿರಲಿಲ್ಲ. ಪ್ರಯೋಗಾಲಯದಿಂದ ಗೋದಾಮಿನವರೆಗೆ ನಡೆದ ದಾರಿಯಲ್ಲಿ ಅವಳು ಮನಸ್ಸಿನಲ್ಲೇ ಅವನಿಗೆ ಊಟಕ್ಕೆ ಬಡಿಸಿದ್ದಳು, ಬೈದಿದ್ದಳು, ಅವನ ಎದೆಗೆ ಹಣೆ ಒತ್ತಿ ನಿಂತಿದ್ದಳು. ಎಲ್ಲವನ್ನೂ ಈಗ ವಾಪಸ್ಸು ಕೊಡಬೇಕಾಗಿ ಬಂತು.

"ಅಧಿಕಾರಿಗಳಿಗೆ ನನ್ನ ಹೆಸರು ಕೊಡಿ," ಎಂದ ಮೈದುನ. "ಅಣ್ಣನ ಹೆಸರು ಉಳಿಯುತ್ತೆ. ಅಷ್ಟು ಸಾಕು ನಮಗೆ."

ಹೇಳುತ್ತ ಹೇಳುತ್ತ ಅವನು ಕೈಯಲ್ಲಿ ಉಳಿದಿದ್ದ ಕೊನೆಯ ಬೀಜವನ್ನು ನಡುವೆ ಹಾಕಿದ. ಇಡಲಿಲ್ಲ, ಹಾಕಿದ. ಅದು ಅಡ್ಡಾದಿಡ್ಡಿಯಾಗಿ ಬಿತ್ತು.

ಅವಳು ಆ ಬೀಜವನ್ನೇ ನೋಡಿದಳು.

"ನಡುವಿನದನ್ನ ಹಾಗೇ ಇಡೋದಾ?"

"ಮತ್ತೆ? ಒಂದೇ ಬೀಜ, ಹೇಗಿಟ್ಟರೇನು?"

"ಆ ತಟ್ಟೆಯಲ್ಲೂ ಹೀಗೇ ಇಟ್ಟಿದ್ಯಾ?"

"ಹೂಂ. ಹೀಗೇ."

ಇವನಿಗೆ ಗೊತ್ತಿಲ್ಲ. ಸಾವಿರ ಸಲ ನೋಡಿದರೂ ಇವನು ನೋಡಿದ್ದು ಸುತ್ತನ್ನು, ನಡುವನ್ನಲ್ಲ. ತಟ್ಟೆ ಇಟ್ಟವನು ಇವನಲ್ಲ. ಹಾಗಾದರೆ ಮಾಡದ್ದನ್ನು ಮಾಡಿದೆ ಅನ್ನುತ್ತಿರುವುದು ಯಾಕೆ? ಯಾರಿಗೋಸ್ಕರ?

ಭೂತಗನ್ನಡಿ ಅಂತ ಸುಮ್ಮನೆ ಹೆಸರಿಟ್ಟಿರಲಿಲ್ಲ. ಅವಳ ಕಣ್ಣು ಮೇಜಿನ ಮೇಲೆ ಹರಿದು, ಅತ್ತೆ ಕಟ್ಟಿಕೊಟ್ಟ ಕ್ಯಾರಿಯರ್ ಮೇಲೆ ನಿಂತಿತು.

"ಊಟ ಆಯ್ತೇನೋ?"

"ಆಗಲೇ ಆಯ್ತು."

"ಅಷ್ಟನ್ನೂ ಉಂಡ್ಯಾ?"

"ಹಸಿವಾಗಿತ್ತು ಅತ್ತಿಗೆ. ಬಿಡಿ, ನಾನು ತೊಳೀತೀನಿ." ಅವನು ಕೈ ಚಾಚಿದ. ಅವಳ ಕೈ ಮೊದಲು ತಲುಪಿತು.

ಮೇಲಿನ ಡಬ್ಬಿ ಖಾಲಿ. ಒಂದು ಕಾಳೂ ಉಳಿದಿಲ್ಲ. ಅದು ಮೈದುನನ ಊಟ. ಅದರ ಕೆಳಗಿನದನ್ನು ಎತ್ತಿದಳು. ಅದೂ ಖಾಲಿ, ಆದರೆ ಒಳಗೆ ಬೋರಲು ಮುಚ್ಚಿಟ್ಟ ಒಂದು ಚಿಕ್ಕ ತಟ್ಟೆ ಇತ್ತು. ತಿರುಗಿಸಿದಳು.

ತಟ್ಟೆಯ ಕೆಳಗೆ, ಡಬ್ಬಿಯ ತಳದ ಅಂಚಿಗೆ, ಆರಿಸಿ ಬಿಟ್ಟ ಮೆಣಸಿನ ಕಾಳುಗಳು ದುಂಡಗೆ ಕೂತಿದ್ದವು. ನಡುವೆ ಒಂದು. ಕಾಳುಗಳ ಮೈ ಇನ್ನೂ ಒದ್ದೆಯಾಗಿತ್ತು.

ಮೇಜಿನ ಆಚೆ, ಖಾಲಿ ಚೀಲಗಳನ್ನು ಒಟ್ಟಿಡುವ ಒಳಕೋಣೆಯ ಬಾಗಿಲು ಒಂದು ಬೆರಳಿನಷ್ಟು ತೆರೆದಿತ್ತು. ಅವಳು ಎದ್ದಳು. ಮೈದುನ ಬಂದು ಅಡ್ಡ ನಿಂತ.

"ಬೇಡ ಅತ್ತಿಗೆ."

"ಅತ್ತೆಗೆ ಗೊತ್ತು ಅಲ್ವಾ?" ಎಂದಳು. "ದಿನಾ ಬೆಳಿಗ್ಗೆ ನನ್ನ ಎದುರಿಗೇ ಅವರಿಗೆ ಡಬ್ಬಿ ಕಟ್ಟಿದ್ದಾರೆ. ನಿನಗೆ ಗೊತ್ತು. ಅತ್ತೆಗೆ ಗೊತ್ತು. ನಾನೊಬ್ಬಳು ಗದ್ದೆ ನೋಡ್ಕೊಂಡು ಕಾಯ್ತಾ ಇದ್ದೀನಿ."

ಮೈದುನನ ಕಣ್ಣಲ್ಲಿ ನೀರು ತುಂಬಿತು. "ನಾವು ಹೇಳೋಣ ಅಂದ್ವಿ. ಅಮ್ಮ ಕಾಲು ಹಿಡಿಯೋದೊಂದು ಬಾಕಿ. ಅಣ್ಣನೇ ಆಣೆ ಹಾಕಿಸಿದ. ಊರಿಗೆಲ್ಲ ಗೊತ್ತಾದರೂ ಪರವಾಗಿಲ್ಲ, ಅವಳಿಗೆ ಮಾತ್ರ ಗೊತ್ತಾಗಬಾರದು ಅಂದ."

"ಯಾಕೆ?"

"ಬೆರೆಸಿದ್ದು ನಾನು ಅಂತ ಗೊತ್ತಿದ್ದೂ ಮುಚ್ಚಿಟ್ಟಿದ್ದಕ್ಕೆ. ತಟ್ಟೆ ಇಡ್ತೀನಿ, ಅವಳ ಮುಖ ಮಾತ್ರ ನೋಡೋಕಾಗಲ್ಲ ಅಂದ."

ಅವಳು ಅವನ ಭುಜದ ಮೇಲಿಂದ ಬಾಗಿಲನ್ನು ನೋಡಿ, ಮದುವೆಯಾದಾಗಿನಿಂದ ಗಂಡನನ್ನು ಕರೆಯುತ್ತಿದ್ದ ಹಾಗೆಯೇ ಕರೆದಳು. "ರೀ."

ಒಳಗೆ ಚೀಲಗಳ ನಡುವೆ ಯಾರೋ ಎದ್ದ ಸದ್ದಾಯಿತು. ನಾಲ್ಕು ಹೆಜ್ಜೆ ಬಾಗಿಲಿನ ಕಡೆಗೆ ಬಂದವು, ಅವಳಿಗೆ ಚೆನ್ನಾಗಿ ಗೊತ್ತಿದ್ದ ಹೆಜ್ಜೆಗಳು. ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು. ಆಮೇಲೆ ಒಳಗಿನಿಂದ ಚಿಲಕ ಬಿತ್ತು.